ಜಾಗತೀಕರಣದ ಹಾದಿಯಲ್ಲಿ ದುರ್ಗದ ದುಡಿಮೆ

ಜಾಗತೀಕರಣವೆಂದೊಡನೆ ವರ್ತಕ ಬಾಂಧವರ ನೆನಪಿಗೆ ಬರುವುದು 1991ನೆಯ ಇಸವಿ. ಆ ವರ್ಷದ ಜುಲೈ ತಿಂಗಳ ಆರಂಭದಲ್ಲಿ ರೂಪಾಯಿಯ ಅಪಮೌಲ್ಯವಾಯಿತು. 24ರಂದು ಅಂದಿನ ಹಣಕಾಸು ಸಚಿವ ಡಾ. ಮನಮೋಹನ್ ಸಿಂಗ್ ಮುಂಗಡಪತ್ರ ಮಂಡಿಸಿದರು. ಅದೇ ದಿನ ಹೊಸ ಕೈಗಾರಿಕಾ ನೀತಿ ಪ್ರಕಟವಾಗಿ ಬಹುಪಾಲು ಉದ್ದಿಮೆಗಳಿಗೆ ಪರವಾನಗಿಯ ಅಗತ್ಯ ತಪ್ಪಿತು. ಆದರೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಮಟ್ಟಿಗೆ ಈ ಕಥೆ ಅದಕ್ಕಿಂತ ಬಹಳ ಹಳೆಯದು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯಾಧಿಕಾರಿ ಫ್ರಾನ್ಸಿಸ್ ಬುಕಾನನ್, ಮತ್ತೋಡಿನ ಗಾಜಿನ ಕುಲುಮೆಗಳನ್ನೂ ಅಲ್ಲಿ ಹೆಂಗಸರ ಕೈಬಳೆಗಳು ತಯಾರಾಗುತ್ತಿದ್ದುದನ್ನೂ 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಯೂರೋಪಿನ ಸಾಗಣೆ ಅಗ್ಗವಾದ ಬಳಿಕ ಬೊಹೆಮಿಯಾದ ಬಳೆಗಳು ಭಾರತದ ಬಂದರುಗಳಿಗೆ ಬಂದಿಳಿದವು. ಮುಂದೆ ಜಪಾನಿನವು ಬಂದವು, ಫಿರೋಜಾಬಾದಿನವು ಬೆಳೆದವು. ಮತ್ತೋಡಿನ ಬಳೆ ಕುಲುಮೆಗಳು ಈಗ ಗ್ರಂಥಗಳ ಪುಟಗಳಲ್ಲಷ್ಟೇ ಉಳಿದಿವೆ. ಆ ಕುಲುಮೆಯ ಕೆಲಸಗಾರನಿಗೆ ಬೊಹೆಮಿಯಾ ಎಲ್ಲಿದೆ ಎಂಬುದು ತಿಳಿದಿದ್ದಿರಲಾರದು.

ದೂರದ ಶಕ್ತಿಯೊಂದು ಊರಿನ ದುಡಿಮೆಯನ್ನು ಮುಟ್ಟುವುದು ಹೀಗೆಯೇ. ಅದು ಸಿದ್ಧಾಂತದ ರೂಪದಲ್ಲಿ ಬರುವುದಿಲ್ಲ. ಒಂದು ಸರಕಿನ ಧಾರಣೆಯಾಗಿ, ಒಂದು ಲಾರಿಯ ಬಾಡಿಗೆಯಾಗಿ, ಒಂದು ಅಧಿಸೂಚನೆಯಾಗಿ ಬರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಳೆದ ಮೂರು ದಶಕಗಳ ಅನುಭವವನ್ನು ಪರಿಶೀಲಿಸಿದಲ್ಲಿ, ಜಾಗತೀಕರಣ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗಿಂತ ಹೆಚ್ಚು ಉಪಯುಕ್ತವಾದ ಪ್ರಶ್ನೆಯೊಂದಿದೆ. ಹೊರಗಿನ ಬೇಡಿಕೆ ಬಂದಾಗ ಕೆಲಸ ಯಾವ ರೂಪದಲ್ಲಿ ಬಂತು, ಬೇಡಿಕೆ ನಿಂತಾಗ ನಷ್ಟ ಯಾರ ಖಾತೆಗೆ ಖರ್ಚಾಗಿ ಬಿತ್ತು?

ಪ್ರೇರಕ ಶಕ್ತಿಗಳು

ಪಠ್ಯಪುಸ್ತಕಗಳು ತಂತ್ರಜ್ಞಾನ, ಬಂಡವಾಳ, ನೀತಿ ಎಂದು ಇವುಗಳನ್ನು ವಿಂಗಡಿಸುತ್ತವೆ. ವರ್ತಕನ ದೃಷ್ಟಿಯಲ್ಲಿ ಇವೆಲ್ಲದರ ಫಲಿತಾಂಶ ಒಂದೇ: ಸರಕನ್ನು ಸಾಗಿಸುವ ವೆಚ್ಚವೂ ಧಾರಣೆ ತಿಳಿಯುವ ಅವಧಿಯೂ ಇಳಿದುಹೋದವು. 1956ರಲ್ಲಿ ಅಮೆರಿಕದಲ್ಲಿ ಮೊದಲ ಕಂಟೇನರ್ ಹಡಗು ಹೊರಟ ನಂತರ ಬಂದರಿನಲ್ಲಿ ಹಮಾಲರು ದಿನಗಟ್ಟಲೆ ಮಾಡುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. 1995ರ ಜನವರಿ 1ರಂದು ವಿಶ್ವ ವಾಣಿಜ್ಯ ಸಂಸ್ಥೆ ಅಸ್ತಿತ್ವಕ್ಕೆ ಬಂತು. 2001ರ ಏಪ್ರಿಲ್ 1ರಂದು ಭಾರತವು ಆಮದಿನ ಮೇಲಿನ ಪರಿಮಾಣ ನಿರ್ಬಂಧಗಳಲ್ಲಿ ಉಳಿದಿದ್ದ 715 ಬಾಬುಗಳನ್ನು ಮುಕ್ತಗೊಳಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವಾಣಿಜ್ಯ ಸಂಸ್ಥೆಯ ಸದಸ್ಯತ್ವ ಪಡೆಯಿತು. ಇವುಗಳ ಜೊತೆಗೆ ಸುವರ್ಣ ಚತುಷ್ಪಥ ಯೋಜನೆಯಡಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಅಂದಿನ 4ನೆಯ ರಾಷ್ಟ್ರೀಯ ಹೆದ್ದಾರಿ, ಅಂದರೆ ಈಗಿನ 48ನೆಯದು, ನಾಲ್ಕು ಪಥದ್ದಾಯಿತು. ಈ ಪೈಕಿ ದುರ್ಗದ ದುಡಿಮೆಯನ್ನು ಅತಿ ಹೆಚ್ಚು ಕಲಕಿದ್ದು ಯಾವುದೆಂದು ಕೇಳಿದರೆ, ಮುಂಗಡಪತ್ರವಲ್ಲ, ಚೀನಾದ ಉಕ್ಕಿನ ಕುಲುಮೆಗಳು ಎನ್ನಬೇಕಾಗುತ್ತದೆ.

ಅದಿರಿನ ವರ್ಷಗಳು

ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ, ಹಿರೇಗುಂಟನೂರು ಸುತ್ತಿನ ಗುಡ್ಡಗಳಲ್ಲಿಯೂ ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಕೆಲವೆಡೆಗಳಲ್ಲಿಯೂ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಇರುವುದು ಹೊಸ ವಿಷಯವಲ್ಲ. ಹೊಸದಾಗಿದ್ದು ಪುಡಿ ಅದಿರಿಗೆ ಬಂದ ಬೆಲೆ. ದೇಶದ ಉಕ್ಕಿನ ಕಾರ್ಖಾನೆಗಳು ಗಟ್ಟಿ ಅದಿರನ್ನು ಬಯಸುತ್ತಿದ್ದವು. ಪುಡಿಯನ್ನು ಸಿಂಟರ್ ಅಥವಾ ಪೆಲೆಟ್ ಮಾಡಿ ಬಳಸುವ ಸಾಮರ್ಥ್ಯ ಆಗ ಇಲ್ಲಿ ಕಡಿಮೆ. ಗಣಿಯ ಮಗ್ಗುಲಲ್ಲಿ ಗುಡ್ಡೆ ಬಿದ್ದಿರುತ್ತಿದ್ದ ಆ ಪುಡಿಯನ್ನು ಚೀನಾದ ಕಾರ್ಖಾನೆಗಳು ಕೊಳ್ಳತೊಡಗಿದವು. 2003ರ ಹೊತ್ತಿಗೆ ಜಪಾನನ್ನು ಹಿಂದಿಕ್ಕಿ ಚೀನಾ ಜಗತ್ತಿನ ಅತಿ ದೊಡ್ಡ ಅದಿರು ಆಮದುದಾರ ದೇಶವಾಯಿತು. 2005ರಲ್ಲಿ ವಾರ್ಷಿಕ ಒಪ್ಪಂದದ ಬೆಲೆ ಒಂದೇ ಬಾರಿಗೆ ಶೇ. 71.5ರಷ್ಟು ಏರಿತು. 2009-10ರಲ್ಲಿ ಭಾರತದ ಅದಿರು ರಫ್ತು 10 ಕೋಟಿ ಟನ್ನುಗಳನ್ನು ಮೀರಿತ್ತು. ಈ ಭಾಗದಲ್ಲಿ ಗಣಿ ನಡೆಸುತ್ತಿದ್ದ ಸೆಸಾ ಗೋವಾ ಸಂಸ್ಥೆಯ ಶೇ. 51ರಷ್ಟು ಪಾಲನ್ನು 2007ರಲ್ಲಿ ಜಪಾನಿನ ಮಿತ್ಸುಯಿಯಿಂದ ಲಂಡನ್ನಿನ ವೇದಾಂತ ಕೊಂಡುಕೊಂಡಿತು. ಬೆಟ್ಟ ಇಲ್ಲಿಯೇ ಇತ್ತು, ಮಾಲೀಕತ್ವ ಟೋಕಿಯೋದಿಂದ ಲಂಡನ್ನಿಗೆ ಹೋಯಿತು.

ಈ ಬೇಡಿಕೆ ಊರಿನಲ್ಲಿ ಸೃಷ್ಟಿಸಿದ ಕೆಲಸವೆಂಥದು? ಗಣಿಯೊಳಗೆ ಯಂತ್ರಗಳೇ ಹೆಚ್ಚು. ಕೆಲಸ ಹುಟ್ಟಿದ್ದು ಬಹುಮಟ್ಟಿಗೆ ರಸ್ತೆಯ ಮೇಲೆ. ಅದಿರು ಅಗೆಯುವವರಿಗಿಂತ ಸಾಗಿಸುವವರು ಹೆಚ್ಚಾದರು. ಚಾಲಕ, ಕ್ಲೀನರ್, ಲೋಡಿಂಗ್ ಮೇಸ್ತ್ರಿ, ಟೈರ್ ರೀಸೋಲ್ ಮಾಡುವವರು, ಕಮಾನು ಪಟ್ಟಿ ಸರಿಪಡಿಸುವ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ರಾತ್ರಿಯಿಡೀ ತೆರೆದಿರುವ ಚಹಾದಂಗಡಿ ಹೀಗೆ ಸರಪಳಿ ಬೆಳೆಯಿತು. ಅಡಿಕೆ ತೋಟದವರು, ಬಟ್ಟೆ ಅಂಗಡಿಯವರು, ಕೆಲವು ಸರ್ಕಾರಿ ನೌಕರರ ಮನೆಯವರು ಸಹ ಸಾಲ ಮಾಡಿ ಟಿಪ್ಪರ್ ಕೊಂಡರು. ಕೊಂಡದ್ದು ತಪ್ಪೆಂದು ಈಗ ಹೇಳುವುದು ಸುಲಭ. ಆಗ ಸಾಲ ಕೊಡುವವರು ಮನೆಬಾಗಿಲಿಗೆ ಬರುತ್ತಿದ್ದರು.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡಬಹುದು. ಅಂಕಿಗಳು ವಿವರಣೆಗಾಗಿ ಮಾತ್ರ. ರೂ. 15 ಲಕ್ಷದ ಲಾರಿಗೆ ಸ್ವಂತ ಬಂಡವಾಳ 3 ಲಕ್ಷ, ಸಾಲ 12 ಲಕ್ಷ, ಬಡ್ಡಿ ಶೇ. 12, ಅವಧಿ ಐದು ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು ರೂ. 26,700. ಡೀಸೆಲ್, ಚಾಲಕನ ಬಾಟಾ ಕಳೆದು ಟ್ರಿಪ್ಪಿಗೆ ರೂ. 2,500 ಉಳಿದರೆ ತಿಂಗಳಿಗೆ ಇಪ್ಪತ್ತು ಟ್ರಿಪ್ಪಿಗೆ 50,000. ವಿಮೆ, ರಸ್ತೆ ತೆರಿಗೆ, ಟೈರುಗಳಿಗೆ 10,000 ತೆಗೆದಿಟ್ಟು ಕಂತು ಕಟ್ಟಿದರೆ ಮಾಲೀಕನ ಕೈಯಲ್ಲಿ ನಿಲ್ಲುವುದು 13,300. ಟ್ರಿಪ್ಪುಗಳು ಇಪ್ಪತ್ತರಿಂದ ಹದಿನಾಲ್ಕಕ್ಕೆ ಇಳಿದರೆ ಸಾಕು, ಜೇಬಿನಿಂದ ಹಾಕಬೇಕು. ಅಂದರೆ ವ್ಯಾಪಾರ ಪೂರ್ತಿ ನಿಲ್ಲಬೇಕಾಗಿಯೇ ಇಲ್ಲ. ಮೂರನೆಯ ಒಂದು ಪಾಲು ಕುಸಿದರೆ ಲಾಭ ಮಾಯವಾಗುತ್ತದೆ. ಆದರೆ ಇಲ್ಲಿ ನಡೆದದ್ದು ಕುಸಿತವಲ್ಲ, ನಿಲುಗಡೆ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಎರಡು ದಿನಗಳ ನಂತರ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯಲ್ಲಿ ಗಣಿಗಾರಿಕೆ ತಡೆಹಿಡಿಯಿತು; ಆಗಸ್ಟ್ 26ರಂದು ಆ ಆದೇಶ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಣೆಯಾಯಿತು. ಅಕ್ರಮ ನಡೆದದ್ದು ನಿಜ, ಪರಿಸರ ಹಾಳಾದದ್ದು ನಿಜ, ನ್ಯಾಯಾಲಯ ಮಧ್ಯೆ ಬರಬೇಕಾಗಿದ್ದುದೂ ನಿಜ. ಅದಿರು ಲಾರಿಗಳ ಧೂಳು ಅಡಿಕೆ ಗಿಡಗಳ ಮೇಲೆ ಕೂರುತ್ತಿದ್ದ ಭೀಮಸಮುದ್ರದ ತೋಟದವರಿಗೆ ಆ ಆದೇಶ ನೆಮ್ಮದಿ ತಂದಿದ್ದರೆ ಆಶ್ಚರ್ಯವಿಲ್ಲ. ಒಂದೇ ಊರಿನಲ್ಲಿ ಒಬ್ಬನ ಕಂತು, ಮತ್ತೊಬ್ಬನ ತೋಟ ಎದುರುಬದುರಾಗಿ ನಿಂತಿದ್ದವು.

ನಿಂತ ಲಾರಿಯ ವಿಚಾರದಲ್ಲಿ ತೆರಿಗೆ ಕಾನೂನಿನ ಒಂದು ವಿಚಿತ್ರವನ್ನು ಇಲ್ಲಿ ನೆನೆಯಬೇಕು. ಅಂದು ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯಿದೆಯ 44ಎಇ ಕಲಮಿನನ್ವಯ ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ವಾಹನಗಳ ಮಾಲೀಕನು ಲೆಕ್ಕಪುಸ್ತಕ ಇಡದೆ ಅಂದಾಜು ಆದಾಯ ತೋರಿಸಬಹುದಿತ್ತು. 2011-12ರ ಹಣಕಾಸು ವರ್ಷಕ್ಕೆ ಭಾರಿ ವಾಹನಕ್ಕೆ ಈ ಅಂದಾಜು ತಿಂಗಳಿಗೆ ರೂ. 5,000. ಕಲಮು ಹೇಳುತ್ತಿದ್ದುದು ವಾಹನವನ್ನು ‘ಓಡಿಸಿದ’ ತಿಂಗಳುಗಳನ್ನಲ್ಲ, ‘ಹೊಂದಿದ್ದ’ ತಿಂಗಳುಗಳನ್ನು. ಆದುದರಿಂದ ಚಕ್ರ ಉರುಳದ ಲಾರಿಗೂ ಕಾನೂನಿನ ಕಣ್ಣಿನಲ್ಲಿ ಆದಾಯವಿತ್ತು. ವಾಸ್ತವ ನಷ್ಟ ತೋರಿಸಬೇಕಾದರೆ ಪುಸ್ತಕಗಳನ್ನು ಇಟ್ಟು ಆಡಿಟ್ ಮಾಡಿಸಬೇಕಾಗಿತ್ತು. ಎರಡು ಮೂರು ಲಾರಿಗಳ ಮಾಲೀಕರಲ್ಲಿ ಎಷ್ಟು ಮಂದಿ ಡೀಸೆಲ್ ಚೀಟಿಗಳನ್ನು ಇಟ್ಟುಕೊಂಡಿದ್ದಾರು?

ಮಾಲೀಕನಿಗಾದರೂ ಮಾರಲು ಒಂದು ಲಾರಿ ಇತ್ತು. ಚಾಲಕ, ಕ್ಲೀನರ್‌ಗಳಿಗೆ ನೇಮಕಾತಿ ಪತ್ರವಿರಲಿಲ್ಲ; ಬಹುತೇಕರಿಗೆ ಭವಿಷ್ಯನಿಧಿಯ ಸಂಖ್ಯೆ ಇರಲಿಲ್ಲ. ಕೆಲಸಗಾರನೆಂಬುದಕ್ಕೆ ದಾಖಲೆಯೇ ಇಲ್ಲದಿರುವಾಗ ಅವನು ಕೆಲಸ ಕಳೆದುಕೊಂಡನೆಂಬುದಕ್ಕೂ ದಾಖಲೆ ಇರುವುದಿಲ್ಲ. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಮುಂದೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ರಚನೆಯಾಯಿತು, 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಬಂದವು. ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಅವುಗಳಿಂದ ಹಣ ಸಿಗಬಹುದು. ಹೆಸರೇ ಇಲ್ಲದ ಕ್ಲೀನರ್‌ನನ್ನು ಹುಡುಕಿಕೊಂಡು ಹೋಗಿ ಪರಿಹಾರ ಕೊಡುವ ಶಕ್ತಿ ಯಾವ ನಿಧಿಗೂ ಇಲ್ಲ.

2013ರ ಏಪ್ರಿಲ್ 18ರ ತೀರ್ಪಿನ ನಂತರ ಗಣಿಗಳು ಹಂತಹಂತವಾಗಿ ಕಾನೂನಿನ ಚೌಕಟ್ಟಿನಲ್ಲಿ ಮರಳಿದವು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ ಒಟ್ಟಾಗಿ 50 ಲಕ್ಷ ಟನ್ ಮಿತಿ, ಮಾರಾಟ ಇ-ಹರಾಜಿನಲ್ಲಿ ಮಾತ್ರ. ಈ ನಡುವೆ ಜಾಗತಿಕ ಬೆಲೆ ತನ್ನಷ್ಟಕ್ಕೆ ತಾನು ಬಿದ್ದಿತ್ತು. 2011ರ ಫೆಬ್ರವರಿಯಲ್ಲಿ ಟನ್ನಿಗೆ 190 ಡಾಲರ್ ಸಮೀಪವಿದ್ದ ಅದಿರು 2015ರ ಡಿಸೆಂಬರ್‌ನಲ್ಲಿ 40 ಡಾಲರಿಗಿಂತ ಕೆಳಗಿಳಿಯಿತು. ನ್ಯಾಯಾಲಯ ತಡೆಯದಿದ್ದರೂ ಆ ಲಾರಿಗಳಲ್ಲಿ ಹಲವು ನಿಲ್ಲುತ್ತಿದ್ದವು ಎಂಬುದನ್ನು ಮರೆಯಬಾರದು. ಇನ್ನೊಂದು ಪ್ರಸಂಗವೂ ಗಮನಾರ್ಹ. 2022ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಅದಿರಿನ ರಫ್ತಿಗೂ ಹರಾಜಿಲ್ಲದ ನೇರ ಮಾರಾಟಕ್ಕೂ ಅನುಮತಿ ನೀಡಿತು. ಎರಡೇ ದಿನಗಳಲ್ಲಿ, ಮೇ 22ರಿಂದ ಜಾರಿಯಾಗುವಂತೆ, ಕೇಂದ್ರ ಸರ್ಕಾರ ಅದಿರಿನ ರಫ್ತು ಸುಂಕವನ್ನು ಶೇ. 50ಕ್ಕೆ ಏರಿಸಿತು, ನವೆಂಬರ್‌ನಲ್ಲಿ ಆ ಏರಿಕೆಯನ್ನು ಹಿಂತೆಗೆದುಕೊಂಡಿತು. ಹನ್ನೆರಡು ವರ್ಷ ಮುಚ್ಚಿದ್ದ ಬಾಗಿಲು ತೆರೆದದ್ದು ಎರಡು ದಿನ.

ಆಮದಿನ ಬಾಗಿಲು

ರಫ್ತಿನ ಕಥೆ ಅದಾದರೆ, ಆಮದು ಕೂಡ ದುಡಿಮೆಯನ್ನು ಕದಲಿಸಿದೆ. ಇದರ ಮೊದಲ ಪಾಠ ದೊರೆತದ್ದು ನೆರೆಯ ಚಳ್ಳಕೆರೆಯಲ್ಲಿ. ಶೇಂಗಾ ಎಣ್ಣೆಯ ಗಿರಣಿಗಳಿಂದ ತೈಲನಗರಿಯೆನಿಸಿಕೊಂಡಿದ್ದ ಆ ಊರಿಗೆ ಹಿರಿಯೂರು, ಚಿತ್ರದುರ್ಗ ತಾಲ್ಲೂಕುಗಳ ಶೇಂಗಾ ಸಹ ಹೋಗುತ್ತಿತ್ತು. 1994ರಲ್ಲಿ ಶೇ. 65ರ ಸುಂಕದೊಂದಿಗೆ ಪಾಮೋಲಿನ್ ಆಮದನ್ನು ಖಾಸಗಿಯವರಿಗೆ ಮುಕ್ತಗೊಳಿಸಲಾಯಿತು. ನಾಲ್ಕೇ ವರ್ಷಗಳಲ್ಲಿ ಸುಂಕ ಶೇ. 15ಕ್ಕೆ ಇಳಿಯಿತು. ಮಲೇಷ್ಯಾ, ಇಂಡೊನೇಷ್ಯಾಗಳ ತಾಳೆ ಎಣ್ಣೆ ಬಂದರಿನ ರಿಫೈನರಿಯಿಂದ ಟ್ಯಾಂಕರಿನಲ್ಲಿ ಬಂದಿಳಿಯುವಾಗ, ಮಳೆ ನಂಬಿದ ಶೇಂಗಾ, ಹಳೆಯ ಎಕ್ಸ್‌ಪೆಲ್ಲರ್, ವಿದ್ಯುತ್ ಕಡಿತ ಈ ಮೂರನ್ನೂ ಹೊತ್ತ ಗಿರಣಿ ಸ್ಪರ್ಧಿಸಲಾರದಾಯಿತು. ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಬೀಜ ಹಸನು ಮಾಡುತ್ತಿದ್ದ ಹೆಂಗಸರು, ಹಿಂಡಿ ಚೀಲ ಹೊರುತ್ತಿದ್ದ ಹಮಾಲರು ಬೇರೆ ಕೂಲಿ ನೋಡಿಕೊಂಡರು. ಸುಂಕದ ಏರಿಳಿತ ಇಂದಿಗೂ ನಿಂತಿಲ್ಲ: ಕಚ್ಚಾ ಖಾದ್ಯತೈಲಗಳ ಮೂಲ ಸುಂಕ 2024ರ ಸೆಪ್ಟೆಂಬರ್‌ನಲ್ಲಿ ಶೂನ್ಯದಿಂದ ಶೇ. 20ಕ್ಕೆ ಏರಿ, 2025ರ ಮೇ ಕೊನೆಯಲ್ಲಿ ಶೇ. 10ಕ್ಕೆ ಇಳಿಯಿತು. ಒಂಬತ್ತು ತಿಂಗಳ ಈ ಅಂತರದಲ್ಲಿ ಯಂತ್ರಕ್ಕೆ ಬಂಡವಾಳ ಹೂಡುವ ಧೈರ್ಯ ಯಾವ ಸಣ್ಣ ಉದ್ದಿಮೆದಾರನಿಗೆ ಬಂದೀತು?

ಅಡಿಕೆಯ ಪರಿಸ್ಥಿತಿ ಇಷ್ಟು ಕಠಿಣವಾಗಿಲ್ಲ. ಭೀಮಸಮುದ್ರದ ಮಂಡಿಗಳಲ್ಲಿ ರಾಶಿ, ಬೆಟ್ಟೆ, ಅಪಿ, ಕೆಂಪುಗೋಟುಗಳ ವಹಿವಾಟು ಇಂದಿಗೂ ಜೋರಾಗಿಯೇ ಇದೆ. ಇದಕ್ಕೆ ಶೇ. 100ರ ಆಮದು ಸುಂಕ ಒಂದು ಕಾರಣ. ಕನಿಷ್ಠ ಆಮದು ಬೆಲೆ ಮತ್ತೊಂದು. ಕಿಲೋಗೆ ರೂ. 251 ಇದ್ದ ಈ ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351ಕ್ಕೆ ಏರಿಸಲಾಯಿತು. ಆದರೂ ಬೇಲಿಯಲ್ಲಿ ಕಂಡಿಗಳಿವೆ. 2000ದ ಮಾರ್ಚ್‌ನಿಂದ ಜಾರಿಯಲ್ಲಿರುವ ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದ ರಿಯಾಯಿತಿಯಡಿ ಬೇರೆ ದೇಶದ ಅಡಿಕೆಯೂ ಶ್ರೀಲಂಕಾದ್ದೆಂಬ ಹೆಸರಿನಲ್ಲಿ ಬರುತ್ತಿದೆಯೆಂಬುದು ಬೆಳೆಗಾರರ ಬಹುಕಾಲದ ದೂರು. 2020ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಮೂಲದೇಶ ಪರಿಶೀಲನಾ ನಿಯಮಗಳ ಪ್ರಕಾರ ಮೂಲದ ಬಗೆಗಿನ ಮಾಹಿತಿಯನ್ನು ಆಮದುದಾರನೇ ಇಟ್ಟುಕೊಂಡಿರಬೇಕು, ಕೇಳಿದಾಗ ಒದಗಿಸಬೇಕು. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಿಸಲು ಅನುಮತಿ ಸಿಕ್ಕಾಗ ಮಂಡಿಗಳಲ್ಲಿ ಆತಂಕ ಎದ್ದಿತು. ಆದರೆ ಸುಲಿಯುವ ಹೆಂಗಸರ ಕೆಲಸ ಕಡಿಮೆಯಾದದ್ದಕ್ಕೆ ವಿದೇಶಿ ಅಡಿಕೆಯನ್ನು ದೂರುವುದು ಸರಿಯಲ್ಲ. ಆ ಕೆಲಸವನ್ನು ತೆಗೆದುಕೊಂಡದ್ದು ಇಲ್ಲಿಯೇ ತಯಾರಾದ ಅಡಿಕೆ ಸುಲಿಯುವ ಯಂತ್ರ. ಎಲ್ಲ ನಷ್ಟಕ್ಕೂ ಜಾಗತೀಕರಣದ ಹೆಸರು ಹಚ್ಚುವ ಅಭ್ಯಾಸ ವರ್ತಕರಲ್ಲಿಯೂ ಬೆಳೆದಿದೆ.

ಈರುಳ್ಳಿಯವರ ಅಳಲು ಇದಕ್ಕೆ ವಿರುದ್ಧವಾದದ್ದು: ಅವರಿಗೆ ಬೇಕಾದಾಗ ಬಾಗಿಲು ಮುಚ್ಚಿರುತ್ತದೆ. 2019ರ ಸೆಪ್ಟೆಂಬರ್ 29ರಂದು, 2020ರ ಸೆಪ್ಟೆಂಬರ್ 14ರಂದು, 2023ರ ಡಿಸೆಂಬರ್ 8ರಂದು ಹೀಗೆ ಐದು ವರ್ಷಗಳೊಳಗೆ ಮೂರು ಬಾರಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿತು. ಮೊದಲೆರಡೂ ಜಿಲ್ಲೆಯ ಮುಂಗಾರು ಈರುಳ್ಳಿ ಹೊಲದಿಂದ ಮಾರುಕಟ್ಟೆಗೆ ಹೊರಡುವ ವೇಳೆಗೇ ಬಂದವು. ಧಾರಣೆ ಬಿದ್ದರೆ ಗಡ್ಡೆ ಕೀಳಿಸುವ ಕೂಲಿಯೂ ಹುಟ್ಟುವುದಿಲ್ಲವೆಂದು ಹೊಲದಲ್ಲಿಯೇ ಬಿಡುವವರಿದ್ದಾರೆ. ಆಗ ಕೀಳುವ, ಕೊಯ್ಯುವ, ಚೀಲ ತುಂಬುವ ಕೂಲಿ ಅಷ್ಟೂ ಇಲ್ಲವಾಗುತ್ತದೆ.

ಹೊಲಿಗೆಯ ಕೆಲಸ

ಜಾಗತೀಕರಣದಿಂದ ಬಂದ ಕೆಲಸಗಳಲ್ಲಿ ಹೆಣ್ಣುಮಕ್ಕಳ ಪಾಲಿಗೆ ದೊಡ್ಡದು ಸಿದ್ಧ ಉಡುಪು. 2005ರ ಜನವರಿ 1ರಂದು ಜವಳಿಯ ಕೋಟಾ ಪದ್ಧತಿ ಕೊನೆಗೊಂಡ ಮೇಲೆ ಬೆಂಗಳೂರಿನ ಕಾರ್ಖಾನೆಗಳು ದೊಡ್ಡವಾದವು. ಬಾಡಿಗೆ, ಕೂಲಿಗಳ ಒತ್ತಡದಿಂದ ಹೊರ ಜಿಲ್ಲೆಗಳಿಗೂ ಹರಡಿದವು. ದುರ್ಗದ ಸೀಮೆಯಿಂದ ಪೀಣ್ಯದ ಕಡೆಗೆ ದುಡಿಯಲು ಹೋದ ಕುಟುಂಬಗಳು ಅನೇಕ. ಸಂಬಳ ಹೆಚ್ಚಲ್ಲ, ಗುರಿಯ ಒತ್ತಡ ಹೆಚ್ಚು. ಆದರೆ ಲಾರಿಯ ಕ್ಲೀನರ್‌ಗೆ ಇಲ್ಲದ ಒಂದು ವಸ್ತು ಈ ಹೆಣ್ಣುಮಗಳಿಗಿದೆ: ಭವಿಷ್ಯನಿಧಿಯ ಖಾತೆ. ಅದರ ಬೆಲೆ ಅವರಿಗೆ ಎಷ್ಟೆಂಬುದು 2016ರ ಏಪ್ರಿಲ್ 18ರಂದು ತಿಳಿಯಿತು. ಭವಿಷ್ಯನಿಧಿ ಹಿಂತೆಗೆತಕ್ಕೆ ನಿರ್ಬಂಧ ಹಾಕಿದ ಹೊಸ ನಿಯಮವನ್ನು ವಿರೋಧಿಸಿ ಬೆಂಗಳೂರಿನಲ್ಲಿ ಸಾವಿರಾರು ಹೆಂಗಸರು ರಸ್ತೆಗಿಳಿದರು. ಮರುದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಯಾವ ವಾಣಿಜ್ಯ ಸಂಘದ ಮನವಿಯೂ ಅಷ್ಟು ಬೇಗ ಫಲ ನೀಡಿದ ನೆನಪಿಲ್ಲ.

ಈ ಕೆಲಸವೂ ಒಬ್ಬ ಗ್ರಾಹಕನನ್ನು ನಂಬಿದ್ದು. 2025ರ ಆಗಸ್ಟ್ 27ರಿಂದ ಅಮೆರಿಕವು ಭಾರತದ ಬಹಳಷ್ಟು ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ ಸಿದ್ಧ ಉಡುಪು ಮೊದಲ ಸಾಲಿನಲ್ಲಿಯೇ ಇತ್ತು. ಉಪಗುತ್ತಿಗೆಯ ಮೇಲೆ ಹೊಲಿದುಕೊಡುವ ಸಣ್ಣ ಘಟಕಗಳಿಗೆ ಇಂಥ ಸುದ್ದಿ ಪತ್ರಿಕೆಯಿಂದ ಬರುವುದಿಲ್ಲ. ಮುಂದಿನ ತಿಂಗಳ ಕಟಿಂಗ್ ಬಾರದಿರುವುದೇ ಸುದ್ದಿ.

ಈಗ ಕೇಳಬೇಕಾದ ಲೆಕ್ಕ

ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯ ವಾರ್ಷಿಕ ಮಿತಿ 2017ರಲ್ಲಿ 70 ಲಕ್ಷ ಟನ್ನಿಗೂ 2022ರ ಆಗಸ್ಟ್‌ನಲ್ಲಿ 1.5 ಕೋಟಿ ಟನ್ನಿಗೂ ಏರಿದೆ. ಹೀಗಿರುವಾಗ ಟಿಪ್ಪರ್ ಸಾಲದ ಮಾತು ಮತ್ತೆ ಏಳುವುದು ಸಹಜ. 2005ರಲ್ಲಿ ಸಾಲ ಮಾಡಿದವನಿಗೆ ಗಣಿಯಿಂದ ಎಷ್ಟು ಅದಿರು ಬರಬಹುದೆಂದು ತಿಳಿಯುವ ದಾರಿಯಿರಲಿಲ್ಲ. ಈಗ ಪ್ರತಿ ಗಣಿಗೂ ವರ್ಷಕ್ಕೆ ತೆಗೆಯಬಹುದಾದ ಗರಿಷ್ಠ ಪ್ರಮಾಣ ನಿಗದಿಯಾಗಿರುತ್ತದೆ. ಆ ಪ್ರಮಾಣವನ್ನು ಒಂದು ಲಾರಿಯ ಹೊರೆಯಿಂದ ಭಾಗಿಸಿ, ಬಂದ ಟ್ರಿಪ್ಪುಗಳನ್ನು ಆ ದಾರಿಯಲ್ಲಿ ಈಗಾಗಲೇ ಓಡುತ್ತಿರುವ ಲಾರಿಗಳಿಗೆ ಹಂಚಿದರೆ ಲಾರಿಗೆ ತಿಂಗಳಿಗೆ ಸಿಗುವ ಟ್ರಿಪ್ಪು ತಿಳಿಯುತ್ತದೆ. ಮೇಲಿನ ಉದಾಹರಣೆಯ ಲೆಕ್ಕದಲ್ಲಿ ಅದು ಹದಿನೈದಕ್ಕಿಂತ ಕಡಿಮೆ ಬಂದರೆ ಸಾಲದ ಅರ್ಜಿಗೆ ಸಹಿ ಹಾಕದಿರುವುದು ಲೇಸು. ಹಾಕುವುದಾದರೆ ಆರು ತಿಂಗಳ ಕಂತಿನಷ್ಟು ಹಣವನ್ನು ಬೇರೆ ಠೇವಣಿಯಲ್ಲಿಡಬೇಕು, ಲಾರಿ ಒಂದೇ ಆದರೂ ಲೆಕ್ಕಪುಸ್ತಕ ಇಡಬೇಕು. ಚಾಲಕ ಮತ್ತು ಕ್ಲೀನರ್‌ನ ಹೆಸರು, ಸೇರಿದ ದಿನಾಂಕ, ಕೊಟ್ಟ ಬಾಟಾ ಆ ಪುಸ್ತಕದ ಮೊದಲ ಪುಟದಲ್ಲಿಯೇ ಇರಲಿ.